ಸುಣ್ಣದ ಮುಳ್ಳು

ನಮ್ಮ ಊರಿನಲ್ಲಿ ಕಾಗದ ಬರೆಯುವ ಅಭ್ಯಾಸ ಯಾರಿಗೂ ಇಲ್ಲ. ಹಡಗಿಗೆ ಹೋದವರು, ಘಟ್ಟದ ಮೇಲಿನ ಪೇಟೆಗಳಿಗೆ ಹೋಟೆಲು ಕೆಲಸಕ್ಕೆ ಹೋದವರು, ಮನೆಯವರ ಜೊತೆ ಜಗಳವಾಡಿ ಎಲ್ಲಿಗೋ ಹೋದವರು, ಒಬ್ಬರೂ ಬರೆಯುವುದಿಲ್ಲ. ಬರೆಯಿರಿ ಎಂದು ಮನೆಯವರು ಒತ್ತಾಯಿಸುವುದೂ ಇಲ್ಲ. ಬಂಡೆಯ ಮೇಲೆ ಸ್ಪಂಜು ಇದೆಯಲ್ಲ, ಸತ್ತರೆ ಹೇಗೂ ತಿಳಿಯುತ್ತದೆ, ಬದುಕಿದ್ದರೆ ತಿಳಿದುಕೊಳ್ಳುವುದಕ್ಕೆ ಏನಿದೆ ಎಂದು ಕೇಳುತ್ತಾರೆ. ನಮ್ಮ ಅಂಚೆಯವನು ದಿನದ ಬಹುಪಾಲು ಕಡಲ ಕಟ್ಟೆಯ ಮೇಲೆ ಗಾಳ ಹಾಕಿಕೊಂಡು ಕೂತಿರುತ್ತಾನೆ.

ಬಂಡೆ ಇರುವುದು ಊರಿನ ಎದುರಿಗೆ, ದಡದಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ನೀರಿನಡಿ. ಊರಿನಲ್ಲಿ ಮಗು ಹುಟ್ಟಿದರೆ ಬಂಡೆಯ ಮೇಲೆ ಹೊಸದೊಂದು ಸ್ಪಂಜು, ಅಲುಗಾಡದ ಆ ಕಡಲಜೀವಿ, ಕಚ್ಚಿಕೊಳ್ಳುತ್ತದೆ. ಆ ಮನುಷ್ಯ ಎಲ್ಲಿ ಸತ್ತರೂ ಸರಿ, ಅದು ಬಂಡೆ ಬಿಟ್ಟು ವಾರದೊಳಗೆ ದಡಕ್ಕೆ ಬರುತ್ತದೆ. ಮನೆಯಲ್ಲೇ ಸತ್ತವರದ್ದಾದರೆ ತಾಪತ್ರಯವಿಲ್ಲ. ಮನೆಯವರು ಹೋಗಿ ಎತ್ತಿ ತಂದು, ಒಣಗಿಸಿ, ಅಟ್ಟದ ಹಲಗೆಯ ಮೇಲೆ ಹಿರಿಯರ ಪಕ್ಕದಲ್ಲಿ ಇಡುತ್ತಾರೆ. ಊರಿನಲ್ಲಿ ಯಾರೂ ಸಾಯದೆ ಒಂದು ಸ್ಪಂಜು ಬಂದರೆ ಮಾತ್ರ ಅದನ್ನು ನನ್ನ ಹತ್ತಿರ ತರಬೇಕು.

ನನ್ನ ಹೆಸರು ವಾರಿಜ. ಕಟ್ಟೆಯ ಪಕ್ಕದ ಹಂಚಿನ ಕೋಣೆಯಲ್ಲಿ ನನ್ನ ಕೆಲಸ. ಅದಕ್ಕೆ ಮುಳ್ಳಿನ ಕೋಣೆ ಎನ್ನುತ್ತಾರೆ, ನನಗೆ ಮುಳ್ಳಿನ ವಾರಿಜಕ್ಕ ಎನ್ನುತ್ತಾರೆ. ನನ್ನ ನಾಲಿಗೆಗೂ ಆ ಹೆಸರು ಒಪ್ಪುತ್ತದೆ ಎಂದು ಹಿಂದಿನಿಂದ ನಗುವವರಿದ್ದಾರೆ, ನಗಲಿ. ಬಂದ ಸ್ಪಂಜು ಯಾರದ್ದು ಎಂದು ಹೇಳುವುದು ನನ್ನ ಕೆಲಸ. ಕಲಿಸಿದವರು ನನ್ನ ಸೋದರಮಾವ ತ್ಯಾಂಪಣ್ಣ. ಅವರು ಹೋದ ಮೇಲೆ ಮೂವತ್ತೊಂದು ವರ್ಷ ಒಬ್ಬಳೇ ಮಾಡಿದ್ದೇನೆ. ಈ ಮೂವತ್ತೊಂದು ವರ್ಷದಲ್ಲಿ ಒಂದೂ ತಪ್ಪಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ.

ಹೊರರೂಪವನ್ನೂ ಬಣ್ಣವನ್ನೂ ನಂಬಬೇಡ ಎನ್ನುವುದು ಮಾವನ ಮೊದಲ ಪಾಠ. ಒಂದೇ ತಾಯಿಯ ಮಕ್ಕಳಲ್ಲಿ ಅಣ್ಣನ ಸ್ಪಂಜು ಸೆಳೆತದಲ್ಲಿ ಬೆಳೆದು ಬೆರಳಿನ ಹಾಗೆ ಉದ್ದವಾದರೆ ತಂಗಿಯದ್ದು ಬಂಡೆಯ ಸಂದಿನಲ್ಲಿ ರೊಟ್ಟಿಯ ಹಾಗೆ ಹರಡಿಕೊಳ್ಳುತ್ತದೆ. ಬಿಸಿಲು ಬಿದ್ದ ಕಡೆ ಹಳದಿ ಇದ್ದದ್ದು ನೆರಳಿನಲ್ಲಿ ಬೂದಿಯಾಗುತ್ತದೆ. ಬದಲಾಗದೆ ಉಳಿಯುವುದು ಒಳಗಿನ ಎಲುಬು. ಎಲುಬು ಎಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳುಗಳು, ಇಲ್ಲವೇ ನಾರು. ಅದು ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಹಾಗಾಗಿ ಊರಿನಲ್ಲಿ ಮೂರು ಬಳಿ, ಅಂದರೆ ತಾಯಿಯ ಕಡೆಯ ಕುಲ. ಗಾಜಿನವರು ಎಲ್ಲರಿಗಿಂತ ಹೆಚ್ಚು. ಅವರ ಮುಳ್ಳು ಗಾಜಿನದ್ದು, ಕೆಲವು ಮನೆಗಳದ್ದು ಸೂಜಿ, ಕೆಲವರದ್ದು ತಲೆ ಇರುವ ಗುಂಡುಸೂಜಿ, ಕೆಲವರದ್ದು ನಕ್ಷತ್ರ, ಒಂದು ಮನೆಯದ್ದು ಲಂಗರು. ಸುಣ್ಣದವರು ಬರೀ ಮೂರು ಮನೆ. ಅವರ ಮುಳ್ಳಿಗೆ ಮೂರು ಕವಲು, ಅದು ಚಿಪ್ಪಿನ ಹಾಗೆ ಸುಣ್ಣದ್ದು. ನಾರಿನವರಿಗೆ ಮುಳ್ಳೇ ಇಲ್ಲ, ಬಲೆಯಂಥ ನಾರು ಮಾತ್ರ. ಅವರ ಸ್ಪಂಜು ಮೆತ್ತಗೆ, ನೀರು ಕುಡಿಯುತ್ತದೆ, ಹಿಂಡಿದರೆ ಬಿಡುತ್ತದೆ, ಮತ್ತೆ ಮೊದಲಿನ ಹಾಗೆ ಉಬ್ಬುತ್ತದೆ. ಸತ್ತ ಅಜ್ಜಿಯ ಸ್ಪಂಜಿನಿಂದ ಹೊಸ ಮಗುವಿಗೆ ಮೀಯಿಸುವುದು ನಾರಿನವರ ಕ್ರಮ. ಗಾಜಿನವರು ಹಾಗೆ ಮಾಡಿದರೆ ಮಗುವಿನ ಚರ್ಮ ಉಳಿಯುವುದಿಲ್ಲ.

ಬಂಡೆಗೇ ಮುಳುಗಿ ಯಾರದ್ದು ಇದೆ, ಯಾರದ್ದಿಲ್ಲ ಎಂದು ನೋಡಬಾರದೇ ಎಂದು ಹೊರಗಿನವರು ಕೇಳುತ್ತಾರೆ. ಅಲ್ಲಿ ಒಂದರ ಮೇಲೊಂದು ಸಾವಿರಾರು ಇವೆ, ಯಾರದ್ದು ಯಾವುದೆಂದು ಯಾರಿಗೂ ಗೊತ್ತಿಲ್ಲ. ಮುಟ್ಟಿದರೆ ಎಲ್ಲೋ ಇರುವ ಯಾರಿಗೋ ಕೆಮ್ಮು ಹಿಡಿಯುತ್ತದೆ. ಅಲ್ಲಿ ದೋಣಿಯ ಲಂಗರು ಹಾಕುವುದು ಕೂಡ ನಿಷೇಧ.

ನನ್ನ ಕೆಲಸದ ಕ್ರಮ ಕಷ್ಟದ್ದೇನಲ್ಲ. ಸ್ಪಂಜಿನ ಒಂದು ತುಂಡನ್ನು ಎರಡು ದಿನ ಒಣಗಿಸಿ, ತೆಳ್ಳಗೆ ಸೀಳಿ, ಸಣ್ಣದನ್ನು ದೊಡ್ಡದಾಗಿ ತೋರಿಸುವ ದುರ್ಬೀನಿನಡಿ ಇಟ್ಟು ನಾರಿನ ಬಲೆ ಇದೆಯೇ ನೋಡಬೇಕು. ಇನ್ನೊಂದು ತುಂಡನ್ನು ಕಾಸ್ಟಿಕ್ ಸೋಡದ ನೀರಿನಲ್ಲಿ ಕುದಿಸಬೇಕು. ಮಾಂಸ ಕರಗಿ ಮುಳ್ಳು ತಳಕ್ಕೆ ಇಳಿಯುತ್ತದೆ. ಮುಳ್ಳಿನ ಮೇಲೆ ಒಂದು ತೊಟ್ಟು ಆಸಿಡ್ ಬಿಡಬೇಕು. ಗಾಜಿನದ್ದು ಸುಮ್ಮನಿರುತ್ತದೆ. ಸುಣ್ಣದ್ದು ಸಣ್ಣ ಸಣ್ಣ ಗುಳ್ಳೆಯಾಗಿ ಪಿಸಪಿಸ ಎಂದು ಕರಗಿಹೋಗುತ್ತದೆ. ನಾವು ಅದಕ್ಕೆ ಪಿಸುಗುಟ್ಟುವುದು ಎನ್ನುತ್ತೇವೆ. ದಾಖಲೆ ಪುಸ್ತಕದಲ್ಲಿ ಅದಕ್ಕೆಂದೇ ಎರಡು ಕಾಲಮು ಇವೆ: ಪಿಸುಗುಟ್ಟಿತೋ ಇಲ್ಲವೋ, ಮತ್ತು ಕೇಳಿದವರು ಯಾರು. ಎರಡನೆಯ ಕಾಲಮಿನಲ್ಲಿ ಮೊದಲಿನಿಂದಲೂ ಎರಡೇ ಹೆಸರು, ಮಾವನದ್ದು ಮತ್ತು ನನ್ನದು.

ಬಳಿ ತಿಳಿದರೆ ಮುಂದಿನದ್ದು ಸುಲಭ. ಊರು ಬಿಟ್ಟು ಹೊರಗಿರುವವರ ಹೆಸರು ಗೋಡೆಯ ಕರಿಹಲಗೆಯ ಮೇಲಿದೆ. ಆ ವರ್ಷ ಗಾಜಿನವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೊರಗಿದ್ದರು. ಸುಣ್ಣದವರಲ್ಲಿ ಒಬ್ಬನೇ, ಪೂವಣಿಯ ಗಂಡ ದೂಮಪ್ಪ. ನಾರಿನವರಲ್ಲೂ ಒಬ್ಬನೇ, ಸೇಸಕ್ಕನ ಮಗ ಸಂಜೀವ.

ದೂಮಪ್ಪ ಹಡಗು ಹತ್ತಿ ಒಂಬತ್ತು ವರ್ಷವಾಗಿತ್ತು. ಮದುವೆಯಾಗಿ ಆರು ತಿಂಗಳಿಗೆ ಹೋದವನು. ಪೂವಣಿ ಮೀನು ಹೆಚ್ಚಿ ಕೊಡುವ ಕೆಲಸ ಮಾಡುತ್ತಾಳೆ. ಅವಳ ಕತ್ತಿಗೆ ಸಿಕ್ಕಿದ ಅಂಜಲ್ ಮೀನಿನ ತುಂಡುಗಳನ್ನು ಒಂದರ ಮೇಲೊಂದು ಇಟ್ಟರೆ ಒಂದೇ ಅಳತೆ. ಪ್ರತಿದಿನ ಬೆಳಿಗ್ಗೆ ದೋಣಿಗಳು ಬರುವ ಮೊದಲು ಅವಳು ದಡದ ಉದ್ದಕ್ಕೂ ಒಂದು ಸಲ ನಡೆಯುತ್ತಿದ್ದಳು. ಬಂದಿದೆಯೇ ಎಂದು ನೋಡಲು ಹೋಗುತ್ತಾಳೆ ಎಂದು ಜನ ಹೇಳುತ್ತಿದ್ದರು. ಬಂದಿಲ್ಲ ಎಂದು ನೋಡಲು ಹೋಗುತ್ತಿದ್ದಳು ಎಂದು ನನಗೆ ಗೊತ್ತು. ಅದನ್ನು ನೋಡಿಕೊಂಡು ಬಂದರೆ ಆ ದಿನಕ್ಕೆ ಅವಳು ಗಂಡ ಇರುವವಳು. ಕರಿಮಣಿಯನ್ನು ಮೇಲೆತ್ತಿ ಸೆರಗಿನ ಹೊರಗೆ ಹಾಕಿಕೊಂಡು ಕತ್ತಿ ಹಿಡಿಯುತ್ತಿದ್ದಳು.

ಸೇಸಕ್ಕ ನನ್ನ ನೆರೆಮನೆಯವಳು, ನನಗಿಂತ ಹತ್ತು ವರ್ಷ ದೊಡ್ಡವಳು. ನಮ್ಮಿಬ್ಬರ ಮನೆಗೆ ನಡುವೆ ಒಂದೇ ಗೋಡೆ. ಅವಳು ಮೆಣಸು ಹುರಿದರೆ ನಾನು ಸೀನುತ್ತೇನೆ. ಸಂಜೀವನನ್ನು ನಾನೂ ಎತ್ತಿ ಆಡಿಸಿದ್ದೇನೆ. ಅವನು ಘಟ್ಟದ ಮೇಲೆ ಯಾವುದೋ ಪೇಟೆಯಲ್ಲಿ ಲಾರಿ ಓಡಿಸುತ್ತಿದ್ದ.

ಆ ದಿನ ಬೆಳಿಗ್ಗೆ ಸ್ಪಂಜು ತಂದದ್ದು ಪೂವಣಿಯೇ. ಸಿಕ್ಕಿದವರು ಅದನ್ನು ತೊಳೆಯದೆ, ಸಮುದ್ರದ ನೀರಿನಲ್ಲೇ ಇಟ್ಟು ತರಬೇಕು ಎನ್ನುವುದು ನಿಯಮ. ಅವಳು ಮೀನಿನ ಬುಟ್ಟಿಯಲ್ಲಿ ತಂದಿದ್ದಳು. ದಡಕ್ಕೆ ಬಿದ್ದ ಸ್ಪಂಜು ಎಷ್ಟು ನಾರುತ್ತದೆ ಎಂದರೆ ಕಟ್ಟೆಯ ನಾಯಿಗಳೂ ಎದ್ದು ಹೋಗುತ್ತವೆ. ಇದು ನಾರುತ್ತಿರಲಿಲ್ಲ. ನಾನು ಅದನ್ನು ಗಮನಿಸಿ, ಒಳ್ಳೆಯದಾಯಿತು ಎಂದುಕೊಂಡೆ. ಮೇಲಿನಿಂದ ಸ್ವಲ್ಪ ಕೆಂಪಗಿತ್ತು. ಬಣ್ಣ ನಂಬಬೇಡ ಎಂದು ಮಾವ ಹೇಳಿದ್ದರಲ್ಲ, ನಂಬಲಿಲ್ಲ.

ಇಂಥ ಸುದ್ದಿ ಊರಿನಲ್ಲಿ ನಡೆದುಕೊಂಡು ಹೋಗುವುದಿಲ್ಲ. ನಾನು ಒಲೆ ಹಚ್ಚುವುದರೊಳಗೆ ಹೊರಗಿನ ಬೆಂಚಿನ ಮೇಲೆ ಜನ ತುಂಬಿದ್ದರು. ಹೊರಗಿರುವವರ ತಾಯಂದಿರು, ಹೆಂಡಂದಿರು, ಅಣ್ಣತಮ್ಮಂದಿರು. ಬೆಂಚಿನಲ್ಲಿ ಜಾಗ ಸಾಲದೆ ಕೆಲವರು ಕಟ್ಟೆಯ ಮೇಲೆ ಕೂತರು. ಒಂದು ತುಂಡು ಕುದಿಸಿ, ತಳದ ನೀರನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ನೋಡಿದೆ. ಸೂಜಿ ಇಲ್ಲ, ನಕ್ಷತ್ರ ಇಲ್ಲ, ಲಂಗರು ಇಲ್ಲ. ಮೂರು ಕವಲೂ ಇಲ್ಲ. ಇನ್ನೊಂದು ಪಟ್ಟಿ ನೋಡಿದೆ, ಮತ್ತೊಂದು ನೋಡಿದೆ. ಖಾಲಿ.

ಹೊರಗೆ ಬಂದು ಗಾಜಿನವರು ಮನೆಗೆ ಹೋಗಬಹುದು ಎಂದೆ. ಅವರು ಎದ್ದು ಹೋದರು. ಹೋಗುವಾಗ ಮಾತಾಡಲಿಲ್ಲ, ತಿರುವು ದಾಟಿದ ಮೇಲೆ ಮಾತಾಡಿದರು, ಅದು ಕೇಳಿಸಿತು. ಬೆಂಚಿನ ಒಂದು ಕೊನೆಯಲ್ಲಿ ಪೂವಣಿ, ಇನ್ನೊಂದು ಕೊನೆಯಲ್ಲಿ ಸೇಸಕ್ಕ ಉಳಿದರು. ಮುಳ್ಳಿಲ್ಲ ಎಂದಾದ ಮೇಲೂ ನಾನು ಒಂದು ತುಂಡು ಒಣಗಿಸಿ, ಸೀಳಿ, ನಾರು ಇದೆಯೇ ಎಂದು ನೋಡಬೇಕಿತ್ತು. ಅದಕ್ಕೆ ಎರಡು ದಿನ ಬೇಕು. ಇವರಿಬ್ಬರನ್ನು ಎರಡು ದಿನ ಆ ಬೆಂಚಿನ ಮೇಲೆ ಕೂರಿಸುವುದೇ ಎಂದು ಯೋಚಿಸುತ್ತ ನಿಂತೆ. ಸೇಸಕ್ಕ ನನ್ನ ಮುಖ ನೋಡಿದಳು.

"ಹೇಳಿಬಿಡು ವಾರಿಜ. ಕಾಯಿಸ್ಬೇಡ," ಎಂದಳು.

ನಾನು ಹೇಳಿಬಿಟ್ಟೆ. ಮುಳ್ಳಿಲ್ಲ ಸೇಸಕ್ಕ, ನಿಮ್ಮದು ಎಂದೆ. ಕನಿಕರದಿಂದ ಹೇಳಿದೆ ಎಂದು ಆಮೇಲೆ ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕನಿಕರ ಅರ್ಧ, ಮೂವತ್ತೊಂದು ವರ್ಷದ ಕೊಬ್ಬು ಅರ್ಧ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಮಾವ ಹೇಳುತ್ತಿದ್ದದ್ದು ಸುಮ್ಮನೆ ಅಲ್ಲ. ಸೇಸಕ್ಕ ಅಳಲಿಲ್ಲ. ಸ್ಪಂಜನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಹೋದಳು. ಪೂವಣಿ ಬೆಂಚಿನ ಮೇಲೆ ಹಾಗೇ ಕೂತಿದ್ದಳು. ನೀನಿನ್ನು ಹೋಗು, ನಿನಗೇನೂ ಆಗಲಿಲ್ಲ ಎಂದು ನಾನೇ ಅವಳನ್ನು ಎಬ್ಬಿಸಿ ಕಳಿಸಿದೆ.

ಹತ್ತು ದಿನ ಗೋಡೆಯ ಆಚೆಯಿಂದ ಮೆಣಸಿನ ಘಾಟು ಬರಲಿಲ್ಲ. ನಾನು ಗಂಜಿ ಮಾಡಿ ಕೊಂಡು ಹೋಗುತ್ತಿದ್ದೆ. ಅವಳು ಉಪ್ಪಿಲ್ಲದ ಗಂಜಿಯನ್ನು ಒಂದು ಸೌಟು ಕುಡಿದು, ಉಳಿದದ್ದನ್ನು ಕಾಗೆಗೆ ಹಾಕುತ್ತಿದ್ದಳು. ಸಂಜೀವನ ಪ್ಯಾಂಟುಗಳನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಳು. ಲಾರಿಯೇ, ಜ್ವರವೇ, ಯಾರಾದರೂ ಹೊಡೆದರೇ ಎಂದು ನನ್ನನ್ನು ಕೇಳುತ್ತಿದ್ದಳು. ಸ್ಪಂಜು ಅಷ್ಟು ಹೇಳುವುದಿಲ್ಲ. ಪೂವಣಿಯೂ ದಿನಾ ಬರುತ್ತಿದ್ದಳು. ಹೆಚ್ಚಿ ತೊಳೆದ ಮೀನು ತಂದು ನನ್ನ ಮನೆಯ ಜಗಲಿಯಲ್ಲಿ ಇಟ್ಟು, ಸೇಸಕ್ಕ ಉಣ್ಣುವ ದಿನ ಕೊಡಿ ಎನ್ನುತ್ತಿದ್ದಳು. ಸೂತಕದ ಮನೆಗೆ ಮೀನು ತರುವವರುಂಟೇ ಎಂದು ಬೈದೆ. ಮರುದಿನ ಮತ್ತೆ ತಂದಳು. ಸೇಸಕ್ಕನ ಜಗಲಿಯನ್ನು ಮಾತ್ರ ಒಂದು ಸಲವೂ ಹತ್ತಲಿಲ್ಲ. ಎಷ್ಟು ಒಳ್ಳೆಯ ಹುಡುಗಿ ಎಂದು ನಾನು ಅಂದುಕೊಂಡೆ. ನನ್ನ ದುರ್ಬೀನು ಮುಳ್ಳಿಗೆ ಮಾತ್ರ.

ಹನ್ನೊಂದನೆಯ ದಿನ ನಾರಿನವರದ್ದು ಒಂದು ಕ್ರಮ ಇದೆ. ಸತ್ತವರ ಸ್ಪಂಜನ್ನು ನೀರಿನಲ್ಲಿ ಅದ್ದಿ, ಹೊಸ್ತಿಲ ಮೇಲೆ ಹಿಂಡಬೇಕು. ಆ ನೀರನ್ನು ದಾಟಿ ಮನೆಯವರು ಹೊರಗೆ ಬಂದರೆ ಸೂತಕ ಮುಗಿಯಿತು. ಆ ಬೆಳಿಗ್ಗೆ ಸೇಸಕ್ಕ ಒಂದು ಅಲ್ಯೂಮಿನಿಯಂ ತಟ್ಟೆ ಹಿಡಿದುಕೊಂಡು ಮುಳ್ಳಿನ ಕೋಣೆಗೆ ಬಂದಳು. ತಟ್ಟೆಯಲ್ಲಿ ಆ ಸ್ಪಂಜು ಗಂಜಿಯ ಕೆನೆಯ ಹಾಗೆ ಬಿದ್ದುಕೊಂಡಿತ್ತು.

"ಇದು ನೀರು ಹಿಡಿಯುವುದಿಲ್ಲ," ಎಂದಳು.

ಕೊಳೆತಿರಬೇಕು, ಬಹಳ ದಿನ ನೀರಿನಲ್ಲಿ ತೇಲಿರಬೇಕು ಎಂದೆ.

"ನಮ್ಮ ಅಜ್ಜಿಯದ್ದು ಎಂಬತ್ತು ವರ್ಷದ್ದು. ನನ್ನನ್ನು ಮೀಯಿಸಿದ್ದು ಅದರಲ್ಲೇ, ಸಂಜೀವನನ್ನು ಮೀಯಿಸಿದ್ದೂ ಅದರಲ್ಲೇ. ಈಗಲೂ ಒಂದು ಚೆಂಬು ನೀರು ಕುಡೀತದೆ. ಇದು ಹಿಂಡುವಾಗ ಬೆರಳ ಸಂದಿನಲ್ಲಿ ಹೋಯ್ತು. ನೀನು ಓದಿದವಳು, ನೀನು ಹೇಳು. ನಮ್ಮದು ಹೀಗೆ ಹೋಗ್ತದಾ?"

ನಾನು ತಟ್ಟೆ ತೆಗೆದುಕೊಂಡೆ. ಉಳಿದಿದ್ದ ಒಂದು ಒಣ ಅಂಚನ್ನು ಸೀಳಿ ದುರ್ಬೀನಿಗೆ ಇಟ್ಟೆ. ಹನ್ನೊಂದು ದಿನದ ಹಿಂದೆ ಮಾಡಬೇಕಾದ ಕೆಲಸ. ನಾರಿನ ಬಲೆ ಇರಲಿಲ್ಲ, ಒಂದು ಎಳೆಯೂ ಇರಲಿಲ್ಲ. ಬರೀ ತೊಗಲು. ಮುಳ್ಳಿಲ್ಲದ್ದನ್ನು ಕಂಡು ನಾರು ಎಂದು ಹೇಳಿದ್ದೆ, ನಾರನ್ನು ಕಂಡಿರಲಿಲ್ಲ. ಇಲ್ಲದ್ದನ್ನು ನೋಡಿ ಇದ್ದದ್ದಕ್ಕೆ ಹೆಸರಿಟ್ಟಿದ್ದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಆ ಕ್ಷಣ ನನಗೆ ಮಾನದ ಯೋಚನೆಯೂ ಬರಲಿಲ್ಲ. ಗೋಡೆಯ ಆಚೆ ಹತ್ತು ದಿನ ಮಡಚಿ ಬಿಚ್ಚಿದ ಪ್ಯಾಂಟುಗಳು ನೆನಪಾದವು.

ಸ್ಪಂಜು ಬಂಡೆಯನ್ನು ಕಚ್ಚಿಕೊಂಡಿದ್ದ ಬುಡ ಮಾತ್ರ ಗಟ್ಟಿಯಾಗಿತ್ತು, ಹೆಬ್ಬೆರಳ ತುದಿಯಷ್ಟು. ಅದರ ನಟ್ಟನಡುವಿನದ್ದನ್ನು ತೆಗೆದು ಕುದಿಸಿದೆ. ಮೂರು ಪಟ್ಟಿ ಖಾಲಿ. ನಾಲ್ಕನೆಯದರಲ್ಲಿ ಒಂದು ಮುಳ್ಳು ಸಿಕ್ಕಿತು. ಒಂದೇ ಒಂದು. ಮೂರು ಕವಲು, ತುದಿ ಸ್ವಲ್ಪ ಸವೆದಿತ್ತು.

ಸೇಸಕ್ಕ ನನ್ನ ಹೆಗಲ ಮೇಲಿನಿಂದ ನೋಡುತ್ತಿದ್ದಳು. ಅವಳಿಗೆ ಸುಳ್ಳು ಆಸೆ ಹುಟ್ಟಿಸಬಾರದು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಾರಿನವರ ಸ್ಪಂಜು ನೀರಿನಲ್ಲಿ ತೇಲಿ ಬರುವ ಮರಳನ್ನೂ ಬೇರೆಯವರ ಗಾಜಿನ ಮುಳ್ಳನ್ನೂ ನುಂಗಿಕೊಂಡಿರುವುದುಂಟು. ಈ ಮುಳ್ಳು ಗಾಜಿನದ್ದಾದರೆ ಹಾಗೆ ನುಂಗಿದ್ದು; ನಾರು ಕೊಳೆತುಹೋಗಿದೆ, ನನ್ನ ಮೊದಲಿನ ಮಾತೇ ನಿಲ್ಲುತ್ತದೆ. ಸುಣ್ಣದ ಮುಳ್ಳು ತೇಲಿ ಬರುವಷ್ಟು ದಿನ ಉಳಿಯುವುದಿಲ್ಲ; ಸುಣ್ಣದ್ದಾದರೆ ಅದು ನುಂಗಿದ್ದಲ್ಲ, ಅದರದ್ದೇ ಎಲುಬು. ಸತ್ತವನು ದೂಮಪ್ಪ, ಸಂಜೀವ ಬದುಕಿದ್ದಾನೆ. ಗಾಜಿನ ನಕ್ಷತ್ರ ಮುರಿದರೂ ಮೂರೇ ಕವಲು ಉಳಿಯಬಹುದು, ಕಣ್ಣಿಗೆ ಎರಡೂ ಒಂದೇ ಥರ. ತೊಟ್ಟು ಬಿಟ್ಟರೆ ಮಾತ್ರ ತಿಳಿಯುತ್ತದೆ. ತೊಟ್ಟು ಬಿಡುವುದು ಎರಡೂ ಮನೆಯವರ ಎದುರಿಗೆ ಎಂದು ನಿಯಮ. ಅಂಚೆಯವನನ್ನು ಗಾಳ ಬಿಡಿಸಿ ಪೂವಣಿಯ ಹತ್ತಿರ ಓಡಿಸಿದೆ.

ಪೂವಣಿ ಬಂದಳು. ಕೈಯಲ್ಲಿ ಮೀನಿನ ಹುರುಪೆ ಹಾಗೇ ಇತ್ತು. ಬಾಗಿಲಲ್ಲಿ ನಿಂತವಳು ಒಳಗೆ ಸೇಸಕ್ಕನನ್ನು ಕಂಡು ಹಿಂದೆ ಸರಿದಳು. ನಾನು ಒಳಗೆ ಕರೆದು ಕೂರಿಸಿದೆ. ನನ್ನ ತಪ್ಪನ್ನು ಮೊದಲು ಹೇಳಿದೆ, ಇಬ್ಬರಿಗೂ ಕೇಳುವ ಹಾಗೆ. ನಾನು ಸೀಳಿ ನೋಡಲಿಲ್ಲ, ಎರಡು ದಿನ ಕಾಯಬೇಕಿತ್ತು, ಕಾಯಲಿಲ್ಲ ಎಂದೆ. ಆಮೇಲೆ ಮುಳ್ಳಿನ ವಿಷಯ ಹೇಳಿದೆ. ನೋಡಬೇಕಾದರೆ ನೋಡು ಎಂದು ಅವಳಿಗೆ ದುರ್ಬೀನು ಬಿಟ್ಟುಕೊಟ್ಟೆ. ಅವಳು ಕೈಯನ್ನು ಸೆರಗಿಗೆ ಒರೆಸಿ, ಬಗ್ಗಿ, ಬಹಳ ಹೊತ್ತು ನೋಡಿದಳು.

"ಇಷ್ಟೇ ಉಳಿದದ್ದಾ?"

ಇಷ್ಟೇ ಎಂದೆ.

"ತೊಟ್ಟು ಬಿಟ್ಟರೆ?"

ಗಾಜಾದರೆ ಉಳಿಯುತ್ತದೆ, ಸುಣ್ಣವಾದರೆ ಕರಗುತ್ತದೆ ಎಂದೆ. ಅವಳಿಗೆ ಅದು ಗೊತ್ತಿಲ್ಲದ್ದೇನಲ್ಲ. ನಮ್ಮ ಊರಿನ ಮಕ್ಕಳು ಚಿಪ್ಪಿನ ಮೇಲೆ ಲಿಂಬೆ ಹಿಂಡಿ ಆಡುವ ಆಟ ಅದು. ನಾನು ಆಸಿಡ್ಡಿನ ಬಾಟಲಿಯ ಬಿರಡೆ ತೆಗೆದೆ. ಸೇಸಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಗಾಜಿನ ಕಡ್ಡಿಯನ್ನು ಅದ್ದಿ ಮೇಲೆತ್ತಿದೆ, ತುದಿಯಲ್ಲಿ ತೊಟ್ಟು ನಿಂತಿತು.

ಪೂವಣಿ ತನ್ನ ಅಂಗೈಯನ್ನು ಪಟ್ಟಿಯ ಮೇಲೆ ಅಡ್ಡ ಹಿಡಿದಳು.

"ಬಿಡ್ಬೇಡಿ ವಾರಿಜಕ್ಕ. ಅದು ಸುಣ್ಣವೇ. ನಾನು ಕೇಳಿದ್ದೇನೆ."

ತೊಟ್ಟು ಅವಳ ಕೈಯ ಮೇಲೆ ಬಿತ್ತು. ಅವಳು ಕೈ ತೆಗೆಯಲಿಲ್ಲ. ನಾನು ಕಡ್ಡಿಯನ್ನು ಕೆಳಗಿಟ್ಟು ಅವಳ ಕೈ ಹಿಡಿದೆಳೆದು ಬಕೆಟ್ಟಿನ ನೀರಿಗೆ ಅದ್ದಿದೆ. ಕೈ ನೀರಿನಲ್ಲಿ ಇರುವಾಗಲೇ ಅವಳು ಹೇಳಿದಳು, ನನ್ನನ್ನು ನೋಡದೆ, ನೀರನ್ನು ನೋಡಿಕೊಂಡು.

"ದಡದಲ್ಲಿ ಸಿಕ್ಕಿತು. ಯಾರದ್ದೋ ಅಂತ ಇದ್ದೆ. ನಾರ್ತಾ ಇತ್ತು. ಮೀನು ತೊಳೆಯುವ ಪುನರ್ಪುಳಿಯ ಕೆಂಪು ಹುಳಿನೀರು ಕೈಯ ಹತ್ತಿರ ಇತ್ತು, ಅಭ್ಯಾಸದಲ್ಲಿ ಅದರಲ್ಲಿ ಅದ್ದಿಬಿಟ್ಟೆ. ನಿಯಮ ನೆನಪಾಗಲಿಲ್ಲ, ದೇವರಾಣೆ. ಅದ್ದಿದ ಕೂಡಲೇ ಪಿಸಪಿಸ ಅಂತು."

ಅವಳು ಕೈಯನ್ನು ನೀರಿನಿಂದ ತೆಗೆದು ಸೆರಗಿಗೆ ಒತ್ತಿಕೊಂಡಳು.

"ಆಗಲೇ ತೆಗೀಬೇಕಿತ್ತು. ತೆಗೀಲಿಕ್ಕೆ ಆಗಲಿಲ್ಲ. ಒಂಬತ್ತು ವರ್ಷದಲ್ಲಿ ಅವರ ಒಂದು ಮಾತು ಕೇಳಿರಲಿಲ್ಲ ನಾನು. ಪಾತ್ರೆಗೆ ಕಿವಿ ಕೊಟ್ಟು ಕೂತೆ. ಅದು ನಿಲ್ಲುವವರೆಗೆ ಕೇಳಿದೆ. ನಿಂತ ಮೇಲೆ ಮುಟ್ಟಿ ನೋಡಿದರೆ ಒಳಗೆ ಎಲುಬೇ ಇಲ್ಲ. ಏನೂ ಇಲ್ಲದಿದ್ದರೆ ಯಾರದ್ದೂ ಆಗ್ಲಿಕ್ಕಿಲ್ಲ ಅಂತ ಕಂಡಿತು. ಬೇರೆಯವರ ಮಗನದ್ದು ಆಗ್ತದೆ ಅಂತ ಬೆಂಚಿನ ಮೇಲೆ ಕೂತಾಗ ಗೊತ್ತಾಯ್ತು. ಆಗ ಬಾಯಿ ಬರಲಿಲ್ಲ."

ನಾರದಿದ್ದದ್ದು ಏಕೆ, ಮೇಲಿನಿಂದ ಕೆಂಪಗಿದ್ದದ್ದು ಏಕೆ ಎಂದು ನನಗೆ ಆಗ ಗೊತ್ತಾಯಿತು. ಜಗಲಿಯಲ್ಲಿ ಇಟ್ಟು ಹೋಗುತ್ತಿದ್ದ ಮೀನು ಏಕೆಂದೂ ಗೊತ್ತಾಯಿತು. ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಅವಳು ಮಾಡಿದ್ದು ಅರ್ಧ ಗಳಿಗೆಯ ತಪ್ಪು, ಅದಕ್ಕೆ ಮೊಹರು ಒತ್ತಿದವಳು ನಾನು.

ಆದರೂ ಕೆಲಸ ಕೆಲಸವೇ. ಇದರ ಮೇಲೆ ಸೇಸಕ್ಕನ ಮಗನ ಜೀವ ನಿಂತಿದೆ, ಇವಳ ಬಾಯಿಮಾತನ್ನು ನಂಬಿ ಬರೆಯಲು ಬರುತ್ತದೆಯೇ? ತೊಟ್ಟು ಬಿಟ್ಟರೆ ಸತ್ಯ ಸಿಗುತ್ತದೆ, ಆದರೆ ದೂಮಪ್ಪನದ್ದು ಎನ್ನುವ ಒಂದೇ ಒಂದು ಮುಳ್ಳು ಹೋಗುತ್ತದೆ. ಪೂವಣಿಗೆ ಹಲಗೆಯ ಮೇಲೆ ಇಡಲು ಏನೂ ಉಳಿಯುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದರೆ ಹೇಗೆ? ಸೇಸಕ್ಕನ ಕಡೆಗೆ ತಿರುಗಿ, ಬಿಡಲೋ ಬೇಡವೋ ನೀವು ಹೇಳಿ, ನೀವು ಹೇಳಿದ ಹಾಗೆ ಮಾಡುತ್ತೇನೆ ಎಂದೆ.

ಸೇಸಕ್ಕ ಪೂವಣಿಯನ್ನೇ ನೋಡುತ್ತಿದ್ದಳು. ಎದ್ದು ಹೋಗಿ ಎರಡು ಬಾರಿಸುತ್ತಾಳೆ ಎಂದು ನಾನು ಅಂದುಕೊಂಡೆ, ಬಾರಿಸಿದ್ದರೆ ತಡೆಯುತ್ತಿರಲಿಲ್ಲ.

"ಬೇಡ, ಮುಚ್ಚು ಬಾಟಲಿ," ಎಂದಳು ಕೊನೆಗೆ. "ತಾನೇ ವಿಧವೆ ಆಗ್ಲಿಕ್ಕೆ ಯಾರೂ ಸುಳ್ಳು ಹೇಳುವುದಿಲ್ಲ."

ಅಷ್ಟು ಹೇಳಿ ಅವಳು ಮೇಜಿನ ಅಂಚು ಬಿಟ್ಟಳು. ಬೆಂಚು ಎಳೆದು ಕೂರಿಸಿದೆ. ಹನ್ನೊಂದು ದಿನದಿಂದ ಅಳದವಳು ಆಗ ಅತ್ತಳು. ನನ್ನ ಸಂಜೀವ, ನನ್ನ ಸಂಜೀವ ಎಂದು ಎರಡು ಸಲ ಹೇಳಿದಳು, ಆಮೇಲೆ ಆ ದರಿದ್ರ ಮಗ ಒಂದು ಕಾಗದ ಬರೆದಿದ್ದರೆ ಏನು ಕೈ ಸವೆಯುತ್ತಿತ್ತಾ ಎಂದು ಬೈದಳು. ನಮ್ಮ ಊರಿನಲ್ಲಿ ಕಾಗದದ ಮಾತು ಎತ್ತಿದವಳು ಅವಳೇ ಮೊದಲಿರಬೇಕು. ಪೂವಣಿ ಗೋಡೆಗೆ ಒರಗಿ ನಿಂತೇ ಇದ್ದಳು. ಅವಳಿಗೆ ಅಳು ಬರಲಿಲ್ಲ.

ಸೇಸಕ್ಕ ಮುಖ ಒರೆಸಿಕೊಂಡು ಎದ್ದಳು. ತಟ್ಟೆಯನ್ನು ತೆಗೆದು ಪೂವಣಿಯ ಕೈಗೆ ಕೊಟ್ಟಳು. ನಿನ್ನದು ನೀನು ಇಟ್ಟುಕೋ ಎಂದಳು. ಬಾಗಿಲವರೆಗೆ ಹೋಗಿ ನಿಂತಳು. ಗಂಡನ ಸ್ಪಂಜು ಬಂದ ಹೆಂಗಸಿಗೆ ಇನ್ನೊಬ್ಬ ಹೆಂಗಸಿನ ಕೈಯಿಂದ ಸ್ನಾನವಾಗಬೇಕು; ತಾನೇ ನೀರು ಹಾಕಿಕೊಳ್ಳುವಂತಿಲ್ಲ. ಪೂವಣಿಗೆ ತಾಯಿ ಇಲ್ಲ, ಅತ್ತೆ ಹೋಗಿ ನಾಲ್ಕು ವರ್ಷವಾಯಿತು.

"ಸ್ನಾನಕ್ಕೆ ಯಾರಿದ್ದಾರೆ ನಿನಗೆ?" ಎಂದು ಕೇಳಿದಳು, ತಿರುಗಿ ನೋಡದೆ.

ಯಾರೂ ಇಲ್ಲ ಎಂದಳು ಪೂವಣಿ.

"ನಾನು ಬರ್ತೇನೆ. ಅಜ್ಜಿಯ ಸ್ಪಂಜು ತರ್ತೇನೆ. ಗಟ್ಟಿ ತಿಕ್ಕುತ್ತೇನೆ, ಹೇಳಿದ್ದೇನೆ. ನೋವಾಯ್ತು ಅಂದರೆ ಬಿಡುವವಳಲ್ಲ."

ಮಧ್ಯಾಹ್ನ ಹಿತ್ತಲಿನ ಬಚ್ಚಲಲ್ಲಿ ನಾನು ನೀರು ಹೊಯ್ದೆ, ಸೇಸಕ್ಕ ತಿಕ್ಕಿದಳು. ಹೇಳಿದ ಹಾಗೆಯೇ ಗಟ್ಟಿಯಾಗಿ ತಿಕ್ಕಿದಳು. ಪೂವಣಿಯ ಬೆನ್ನು ಕೆಂಪಾಯಿತು. ಹನ್ನೊಂದು ದಿನ ಕೊಂದೆಯಲ್ಲ ನನ್ನ ಮಗನನ್ನು ಎಂದು ಒಂದೊಂದು ಚೆಂಬಿಗೂ ಬೈಯುತ್ತಿದ್ದಳು, ಬೈಯುತ್ತಲೇ ಕ್ರಮದಂತೆ ಕರಿಮಣಿಯನ್ನು ಕುತ್ತಿಗೆಯಿಂದ ಬಿಡಿಸಿದಳು. ಆ ಹಳೆಯ ಸ್ಪಂಜು ಎಷ್ಟು ನೀರು ಹೊಯ್ದರೂ ಕುಡಿಯುತ್ತಿತ್ತು, ಹಿಂಡಿದಷ್ಟೂ ಬಿಡುತ್ತಿತ್ತು. ಏಳನೆಯದೋ ಎಂಟನೆಯದೋ ಚೆಂಬಿಗೆ ಪೂವಣಿ ಬಾಯಿಬಿಟ್ಟು ಅತ್ತಳು. ಆಮೇಲೆ ಸೇಸಕ್ಕ ಬೈಯಲಿಲ್ಲ, ಮೆತ್ತಗೆ ತಿಕ್ಕಿದಳು.

ಈಗ ಕಟ್ಟೆಯ ಮೆಟ್ಟಿಲ ಹತ್ತಿರ ಒಂದು ಹಲಗೆ ಹಾಕಿದ್ದೇನೆ, ಸಿಕ್ಕ ಸ್ಪಂಜನ್ನು ಹುಳಿಯಲ್ಲಿ ತೊಳೆಯಬಾರದು ಎಂದು. ಬೆಂಚಿನ ಮೇಲೆ ಯಾರು ಎಷ್ಟು ಅತ್ತರೂ ಎರಡು ದಿನ ಕಾಯಿಸುತ್ತೇನೆ. ನನ್ನ ನಾಲಿಗೆ ಸ್ವಲ್ಪ ಮೊಂಡಾಗಿದೆ ಎಂದು ಜನ ಹೇಳುತ್ತಾರೆ. ಸೇಸಕ್ಕ ಮಗನ ಲಾರಿ ಮಾಲೀಕನ ವಿಳಾಸ ಹುಡುಕಿ ಒಂದು ಕಾಗದ ಬರೆಸಿದಳು. ಬರೆದುಕೊಟ್ಟವಳು ನಾನೇ. ಸಂಜೀವನದ್ದೇ ಉತ್ತರ ಬಂದ ದಿನ ಅಂಚೆಯವನು ಗಾಳ ಬಿಟ್ಟು ಓಡಿಕೊಂಡು ಬಂದ.

ಆ ಮುಳ್ಳನ್ನು ಎರಡು ಗಾಜಿನ ಪಟ್ಟಿಗಳ ನಡುವೆ ಅರಗು ಹಾಕಿ ಭದ್ರ ಮಾಡಿ ಪೂವಣಿಗೆ ಕೊಟ್ಟೆ. ಬರಿಗಣ್ಣಿಗೆ ಅದರಲ್ಲಿ ಏನೂ ಕಾಣುವುದಿಲ್ಲ. ಅವಳು ಅದನ್ನು ಹಲಗೆಯ ಮೇಲೆ, ಅತ್ತೆಯ ಸ್ಪಂಜಿನ ಪಕ್ಕದಲ್ಲಿ ನಿಲ್ಲಿಸಿದ್ದಾಳೆ. ಬೆಳಿಗ್ಗೆ ದಡದ ಮೇಲೆ ಈಗ ನಡೆಯುವುದಿಲ್ಲ, ಸೀದಾ ಕೆಲಸಕ್ಕೆ ಹೋಗುತ್ತಾಳೆ.

ಸ್ನಾನ ಮುಗಿದ ಆ ಸಂಜೆಯೇ ನಾನು ದಾಖಲೆ ಪುಸ್ತಕ ತೆಗೆದು ಕೂತಿದ್ದೆ. ಸಂಜೀವನ ಹೆಸರಿನ ಸಾಲನ್ನು ಹೊಡೆದು ಹಾಕಿ, ತಪ್ಪು ನನ್ನದು ಎಂದು ಪಕ್ಕದಲ್ಲಿ ಬರೆದು ಸಹಿ ಮಾಡಿದೆ. ಕೆಳಗೆ ಹೊಸ ಸಾಲಿನಲ್ಲಿ ದೂಮಪ್ಪನ ಹೆಸರು ಬರೆದೆ. ಬಳಿ, ಸುಣ್ಣ. ಮುಳ್ಳು, ಮೂರು ಕವಲು, ಒಂದು. ಪಿಸುಗುಟ್ಟಿತೋ ಇಲ್ಲವೋ ಎನ್ನುವ ಕಾಲಮಿನಲ್ಲಿ, ಪಿಸುಗುಟ್ಟಿತು ಎಂದು ಬರೆದೆ. ಕೊನೆಯ ಕಾಲಮಿಗೆ ಬಂದಾಗ ಕೈ ಅಭ್ಯಾಸದಲ್ಲಿ ನನ್ನ ಹೆಸರಿನ ಮೊದಲ ಅಕ್ಷರ ಬರೆದಿತ್ತು. ಅದನ್ನು ಹೊಡೆದು ಹಾಕಿದೆ. ಕೇಳಿದವರು: ಪೂವಣಿ, ಹೆಂಡತಿ.